ಹುಚ್ಚಪ್ಪನ ನೀರಿನ ಕನ್ನಡಕ

ಮೊನ್ನೆ ಸೊರಬಕ್ಕೆ, ಅಣ್ಣನ ಮನೆಗೆ ಹೋಗಿದ್ದೆ. ಕೈಕಾಲು ತೊಳೆಯೋಣವೆಂದು ಬಚ್ಚಲಮನೆಯ ಬಾಗಿಲು ತೆಗೆದರೆ ಮೂಲೆಯ ಬೋಗುಣಿಯಲ್ಲಿ ಅತ್ತಿಗೆ ಮತ್ತಿ ಸೊಪ್ಪಿನ ಗೊಂಪು ಮಾಡಿಟ್ಟಿದ್ದಾಳೆ. ಗೊಂಪು ಗೊತ್ತಿಲ್ಲದವರಿಗೆ ಹೇಳಬೇಕು: ಮತ್ತಿ ಮರದ ಎಲೆಯನ್ನು ಬೆಚ್ಚಗಿನ ನೀರಿನಲ್ಲಿ ಕಿವುಚಿದರೆ ಹಸಿರು ಲೋಳೆ ಬಿಡುತ್ತದೆ, ಅದನ್ನು ಸೋಸಿಕೊಂಡು ಎಣ್ಣೆ ತಲೆಗೆ ಹಾಕಿ ತಿಕ್ಕುವುದು. ಈಗಿನವರಿಗೆ ಅಷ್ಟು ತಾಳ್ಮೆ ಎಲ್ಲಿ, ಬಾಟಲಿ ಬಗ್ಗಿಸಿದರೆ ಆಯಿತು. ನಮ್ಮ ಅತ್ತಿಗೆ ಮಾತ್ರ ಹಠ ಬಿಟ್ಟಿಲ್ಲ. ಹಸಿ ಎಲೆಯ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸೊರಬದಲ್ಲಿ ಹುಟ್ಟಿ ಬೆಳೆದವಳಿಗೆ ಆ ವಾಸನೆಯಿಂದ ತವರು ನೆನಪಾಗಬೇಕು. ನನಗೆ ಹಾಗಾಗುವುದಿಲ್ಲ. ಶಿಕಾರಿಪುರದ ನಮ್ಮ ಹಿತ್ತಿಲ ಬಾವಿ, ಅದರ ಕಟ್ಟೆಯ ಪಕ್ಕ ಊಟ ಬಿಟ್ಟು ಕೂತಿದ್ದ ನನ್ನ ಅತ್ತೆ, ಮೈಯೆಲ್ಲ ನೀರು ಸುರಿಸಿಕೊಂಡು ನಿಂತಿದ್ದ ಹುಚ್ಚಪ್ಪ, ಇವರೇ ಕಣ್ಣ ಮುಂದೆ ಬರುತ್ತಾರೆ.

ತೊಂಬತ್ತರ ದಶಕದ ನಡುವಿನ ಮಾತು ಅದು. ಶಿಕಾರಿಪುರದಲ್ಲಿ ನಮ್ಮದು ಕನ್ನಡಕದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಅಕ್ಕಪಕ್ಕದ ಮನೆಯವರೂ ಸೇದುತ್ತಿದ್ದ ಕಲ್ಲುಕಟ್ಟಿದ ಬಾವಿ. ನಮ್ಮನೆಯವರು ಕಣ್ಣು ನೋಡಿ ನಂಬರು ಬರೆಯುತ್ತಿದ್ದರು. ಗಾಜನ್ನು ಸಾಣೆಗೆ ಹಿಡಿದು ಫ್ರೇಮಿಗೆ ಕೂರಿಸುವುದು ನನ್ನ ಪಾಲಿನ ಕೆಲಸ. ಹೆಂಗಸು ಸಾಣೆ ಹಿಡಿಯುತ್ತಾಳೆ ಎಂದು ಕೆಲವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡಲಿ, ನನಗೇನು. ಕೂತಲ್ಲಿ ಕೂರಲಾರದ ಸ್ವಭಾವ ನನ್ನದು, ಅಡುಗೆಮನೆಗಿಂತ ಆ ಸಾಣೆಕಲ್ಲಿನ ಸದ್ದೇ ನನಗೆ ಹಿತ.

ಆ ವರ್ಷ ಮಳೆ ಚೆನ್ನಾಗಿ ಹೊಯ್ದಿತ್ತು. ದೀಪಾವಳಿ ಕಳೆದು ಗದ್ದೆಗಳಲ್ಲಿ ಕುಯಿಲು ಹತ್ತಿತ್ತು. ಬೆಳಿಗ್ಗೆ ಮಂಜು, ಹೊತ್ತೇರಿದರೆ ಚುರುಕು ಬಿಸಿಲು, ಸಂಜೆಗೆ ಒಕ್ಕಲು ಮಾಡುವ ಕಣಗಳಿಂದ ಹೊಟ್ಟಿನ ಧೂಳು. ಕುಯಿಲು ಮುಗಿಯುವ ತನಕ ರೈತರು ಯಾರೂ ಕನ್ನಡಕದ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಅಂಥ ಬಿಡುವಿನ ಹೊತ್ತಿನಲ್ಲಿ ಒಂದು ದಿನ ಹುಚ್ಚಪ್ಪ ಬಂದ.

ಹುಚ್ಚಪ್ಪ ತೊಗರ್ಸಿ ಕಡೆಯ ರೈತ. ಸ್ವಲ್ಪ ಗದ್ದೆಯಿತ್ತು, ಆದರೆ ಸುತ್ತಲಿನ ಊರುಗಳಿಗೆಲ್ಲ ಅವನು ಗೊತ್ತಿದ್ದದ್ದು ನೀರಿಗೆ ಇಳಿಯುವವನೆಂದು. ಬಾವಿಗೆ ಕೊಡ ಬಿದ್ದರೆ, ಪಂಪ್‌ಸೆಟ್ಟಿನ ಪೈಪಿನ ತುದಿ ಕೆಸರಿನಲ್ಲಿ ಹೂತುಕೊಂಡರೆ, ಕೆರೆಯ ತೂಬಿಗೆ ಕಸ ಕಟ್ಟಿದರೆ, ಅವನಿಗೆ ಹೇಳಿ ಕಳಿಸುತ್ತಿದ್ದರು. ನಲವತ್ತು ದಾಟಿದ ಗಟ್ಟಿಯಾಳು. ಮೀಸೆಯ ಮೇಲೆ ಬಲು ಪ್ರೀತಿ, ತನ್ನ ಈಜಿನ ಮೇಲೆ ಅದಕ್ಕಿಂತ ಹೆಚ್ಚು. ಕೈಯಲ್ಲಿ ಟವೆಲಿನ ಗಂಟು ಹಿಡಿದು, ಅಂಗಡಿಯಲ್ಲಿದ್ದ ಒಬ್ಬ ಗಿರಾಕಿ ಎದ್ದು ಹೋಗುವ ತನಕ ಹೊರಗೆ ಬೀಡಿ ಸೇದುತ್ತ ನಿಂತಿದ್ದ. ಒಳಗೆ ಬಂದವನು ಗಂಟು ಬಿಚ್ಚಿದರೆ ಒಂದು ವಿಚಿತ್ರ ವಸ್ತು: ಕಪ್ಪು ರಬ್ಬರಿನ ಅಂಚು, ಮುಂದೆ ಅಂಗೈಯಗಲದ ಒಂದೇ ಗಾಜು, ಮೂಗಿಗೂ ಸೇರಿಸಿ ಮುಚ್ಚಿಕೊಳ್ಳುವಂಥದ್ದು, ಹಿಂದೆ ಪಟ್ಟಿ. ಅಳಿಯ ಕಾರವಾರದಲ್ಲಿ ಹಡಗಿನ ತಳ ಕೆರೆಯುವ ಕೆಲಸದಲ್ಲಿದ್ದ, ಅವನು ತಂದುಕೊಟ್ಟದ್ದಂತೆ. ನೀರಿನೊಳಗೆ ಕಣ್ಣು ಬಿಟ್ಟು ನೋಡಬಹುದು, ಕಣ್ಣಿಗೆ ನೀರು ತಾಗುವುದಿಲ್ಲ.

ಹಾಗಾದರೆ ನಮ್ಮ ಹತ್ತಿರ ಏನು ಕೆಲಸ ಎಂದು ಕೇಳಿದೆ. ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಇತ್ತೀಚೆಗೆ ದೂರದ್ದು ಮಸುಕು. ಒಂದು ಗೇಣಿನಾಚೆಯದು ಏನೂ ತಿಳಿಯದು. ಬಸ್ಸಿನ ಬೋರ್ಡು ಓದುವುದಕ್ಕೆ ಪಕ್ಕದವರನ್ನು ಕೇಳಬೇಕು. ಬಾವಿಯ ತಳದಲ್ಲಂತೂ ಕೈಯಾಡಿಸಿ ಕೈಯಾಡಿಸಿ ಹುಡುಕುವುದಾಗಿದೆ. ಊರಿನವರಿಗೆ ಇದು ಗೊತ್ತಾಗಬಾರದು.

“ಕನ್ನಡಕ ಹಾಕ್ಕಂಡವನ್ನ ಯಾರು ಬಾವಿಗೆ ಇಳಿಸ್ತಾರ್ರೀ ಅಕ್ಕಾರ?” ಎಂದ. “ಇದರೊಳಗ ಏನರ ಮಾಡಾಕ ಬರುತ್ತೇನು ನೋಡ್ರಿ.”

ನಮ್ಮನೆಯವರಿಗೆ ಇಂಥ ತರಲೆ ಕೆಲಸ ಎಂದರೆ ಹಬ್ಬ. ಕಣ್ಣು ಪರೀಕ್ಷೆ ಮಾಡಿದರು. ಅವನಿಗೆ ಬೇಕಾದದ್ದು ಒಳ್ಳೆಯ ದಪ್ಪ ಗಾಜೇ. ಮೊದಲು ಒಂದು ಹಳೆಯ ಕನ್ನಡಕ ಹಾಕಿಸಿ ಅದರ ಮೇಲೆ ಆ ಸಾಮಾನು ಬಿಗಿದು, ನೀರಿನಲ್ಲಿ ಮುಖ ಮುಳುಗಿಸಿ ನೋಡಿದೆವು. ಕನ್ನಡಕದ ಕಡ್ಡಿ ರಬ್ಬರಿನ ಅಡಿಯಿಂದ ಹಾದುಹೋಗುತ್ತದಲ್ಲ, ಅಲ್ಲಿ ಸಂದು ಬಿಟ್ಟು ನೀರು ಒಳಗೆ ನುಗ್ಗಿತು. ಆದ್ದರಿಂದ ಕಡ್ಡಿಯ ಗೊಡವೆಯೇ ಬೇಡ, ಬರೀ ಗಾಜನ್ನು ಒಳಗೆ ಅಂಟಿಸುವುದೆಂದು ತೀರ್ಮಾನವಾಯಿತು. ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಗುಳಿ ಇರುವ ಹಳೆಯ ಕಾಲದ ಗಾಜು ನಮ್ಮ ಡಬ್ಬದಲ್ಲಿ ಇದ್ದವು, ಯಾರಿಗೂ ಬೇಡವಾಗಿ ಬಿದ್ದಿದ್ದವು. ಅವನ ಎರಡು ಪಾಪೆಗಳ ನಡುವಿನ ಅಂತರ ಅಳೆದುಕೊಂಡು, ಗಾಜನ್ನು ಅಂಚು ಉಜ್ಜಿ ಸಣ್ಣದು ಮಾಡಿ, ಚಪ್ಪಟೆ ಮುಖವನ್ನು ಮುಂದಿನ ಗಾಜಿಗೆ ಒತ್ತಿಟ್ಟು, ಅಂಚಿಗಷ್ಟೇ ಅಂಟು ಹಚ್ಚಿದೆ. ನಡುವೆ ಒಂದು ಹನಿ ಅಂಟು ಹೋದರೂ ಕೆಟ್ಟಿತು. ಉಸಿರು ಬಿಗಿಹಿಡಿದು ಮಾಡಿದ ಕೆಲಸ ಅದು.

ಅಂಟು ಒಣಗಿದ ಮೇಲೆ ಹಿತ್ತಿಲ ನೀರಿನ ತೊಟ್ಟಿಯಲ್ಲಿ ಪರೀಕ್ಷೆ. ತಳಕ್ಕೆ ಒಂದು ಅಂಗಿ ಗುಂಡಿ ಹಾಕಿದೆವು. ಹುಚ್ಚಪ್ಪ ಮುಖ ಮುಳುಗಿಸಿದ, ಗುಂಡಿ ಕಂಡಿತೆಂದು ಕೈಸನ್ನೆ ಮಾಡಿದ, ಹಿಡಿಯಲು ಹೋದರೆ ಬೆರಳು ಎರಡು ಸಲ ನೀರನ್ನೇ ಹಿಡಿಯಿತು. ನಮ್ಮನೆಯವರು ನಗುತ್ತ ಹೇಳಿಕೊಟ್ಟರು: ನೀರಿನೊಳಗೆ ಗಾಜಿನ ಮೂಲಕ ನೋಡಿದರೆ ಎಲ್ಲವೂ ಇರುವುದಕ್ಕಿಂತ ಹತ್ತಿರ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಟುಕಲಿಲ್ಲವೆಂದು ಗಾಬರಿಯಾಗಬೇಡ, ಇನ್ನೂ ಸ್ವಲ್ಪ ಕೈ ಚಾಚು ಎಂದರು. ಮೂರನೆಯ ಸಲಕ್ಕೆ ಗುಂಡಿ ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಗಾಜಿನ ಒಳಗೆಲ್ಲ ಬೆಳ್ಳಗೆ ಮಂಜು ಕಟ್ಟಿಬಿಟ್ಟಿತ್ತು. ಮೂಗಿನ ಉಸಿರು ಬಿಸಿ, ಹೊರಗಿನ ನೀರು ತಣ್ಣಗೆ, ಇನ್ನೇನಾಗುತ್ತದೆ. ಒರೆಸಿಕೊಟ್ಟರೆ ಮತ್ತೆ ಅದೇ ಕಥೆ.

ಆಗ ಹುಚ್ಚಪ್ಪ ಮುಖ ಸಣ್ಣದು ಮಾಡಿಕೊಂಡು ಅಳಿಯ ಹೇಳಿದ್ದ ಉಪಾಯ ಬಾಯಿಬಿಟ್ಟ. ಸಮುದ್ರಕ್ಕೆ ಇಳಿಯುವವರು ಗಾಜಿನ ಒಳಗೆ ಎಂಜಲು ಉಗುಳಿ, ಚೆನ್ನಾಗಿ ತಿಕ್ಕಿ, ನೀರಿನಲ್ಲಿ ಅಲುಬಿ ಹಾಕಿಕೊಳ್ಳುತ್ತಾರಂತೆ. ಮಂಜು ಹತ್ತಿರ ಸುಳಿಯುವುದಿಲ್ಲವಂತೆ. ಸರಿ, ಹಾಗೇ ಮಾಡು ಎಂದೆ. ಅವನು ನನ್ನನ್ನು ಹುಳ ನೋಡಿದ ಹಾಗೆ ನೋಡಿದ. ಸಮುದ್ರದ ನೀರನ್ನು ಯಾರೂ ಕುಡಿಯುವುದಿಲ್ಲ, ತಾನು ಇಳಿಯುವುದು ಜನ ಕುಡಿಯುವ ಬಾವಿಗೆ, ದೇವರಿಗೆ ನೀರು ಸೇದುವ ಬಾವಿಗೆ, ಅಲ್ಲಿಗೆ ಎಂಜಲು ಮುಟ್ಟಿಸಿದರೆ ತನ್ನ ಕೈಕಾಲು ಬಿದ್ದುಹೋಗಲಿ ಎಂದ. ಅವನ ಕ್ರಮ ನನಗೂ ಗೊತ್ತಿತ್ತು. ಯಾವ ಬಾವಿಗೆ ಇಳಿಯುವ ಮುಂಚೆಯೂ ದೂರ ಹೋಗಿ ಬಾಯಿ ಮುಕ್ಕಳಿಸಿ, ಕಾಲು ತೊಳೆದು, ಒಂದು ಹನಿ ನೀರು ಕಣ್ಣಿಗೆ ಒತ್ತಿಕೊಂಡೇ ಇಳಿಯುವವನು. ಮಂಜಿಗೆ ಮದ್ದು ಸಿಗದೆ, ಆ ಸಾಮಾನನ್ನು ನಮ್ಮ ಅಂಗಡಿಯ ಮೊಳೆಗೇ ನೇತುಹಾಕಿ, ನೋಡೋಣ ಎಂದು ಹೋದ.

ನನ್ನ ಅತ್ತೆ ಗೌರಮ್ಮನವರ ಬಗ್ಗೆ ಈಗ ಹೇಳಬೇಕು. ಒಣಗಿದ ಕಟ್ಟಿಗೆಯ ಹಾಗಿದ್ದ ಸಣ್ಣ ಹೆಂಗಸು. ಬಾಯಿ ಮಾತ್ರ ಸಣ್ಣದಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತವರಿನಿಂದ ತಂದ ಮತ್ತಿ ಸೊಪ್ಪು ಕಿವುಚಿದ್ದು ನೋಡಿ ಮೂಗು ಮುರಿದಿದ್ದರು. ನಿಮ್ಮ ಮಲ್ನಾಡ ಲೋಳಿ ನಮ್ಮ ಬಚ್ಚಲಿಗೆ ಬ್ಯಾಡವ್ವಾ, ಜಾರಿ ಬಿದ್ದೇವು ಅಂದಿದ್ದರು. ಆಮೇಲೆ ನಾನು ಗೊಂಪಿನ ಸುದ್ದಿ ಎತ್ತಿರಲಿಲ್ಲ. ನಮ್ಮಿಬ್ಬರಿಗೂ ಜಗಳವೇನೂ ಇರಲಿಲ್ಲ. ಅವರ ಪಾಡು ಅವರಿಗೆ, ನನ್ನ ಪಾಡು ನನಗೆ ಅನ್ನುವ ಹಾಗೆ ಇದ್ದೆವು. ಅವರ ಪಾಡೆಂದರೆ ಪೂಜೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ತಾವೇ ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರೆರೆದು, ಪತ್ರೆ ಏರಿಸಿ, ಕಣ್ಣು ನೆಟ್ಟು ಕೂರುವುದು. ಆಮೇಲೆ ಊಟವೋ ತಿಂಡಿಯೋ, ಏನೇ ಇರಲಿ, ಮೊದಲು ಲಿಂಗಕ್ಕೆ ತೋರಿಸಿಯೇ ಬಾಯಿಗೆ. ಹುಟ್ಟಿದ ಕೂಸಿಗೆ ಅಯ್ಯನವರು ಕಟ್ಟಿದ್ದು ಅದು, ಅಂದಿನಿಂದ ಒಂದು ದಿನವೂ ಮೈಯಿಂದ ಅಗಲಿದ್ದಿಲ್ಲ.

ಕುಯಿಲು ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುತ್ತಿದ್ದೆ. ಹಿತ್ತಿಲಿನಿಂದ ಪಕ್ಕದ ಮನೆಯವಳು ನನ್ನ ಹೆಸರು ಹಿಡಿದು ಕೂಗಿದಳು. ಓಡಿದೆ. ಅತ್ತೆ ಬಾವಿಯ ಕಟ್ಟೆ ಹಿಡಿದು ಒಳಗೆ ಬಗ್ಗಿ ನೋಡುತ್ತಿದ್ದರು. ಒಂದು ಗಳಿಗೆ ಅವರೇ ಹಾರಿಬಿಡುತ್ತಾರೇನೋ ಅನ್ನಿಸಿತು. ಹಿಡಿದು ಈಚೆ ಎಳೆದೆ. ಲಿಂಗ ಕಟ್ಟಿಕೊಂಡಿದ್ದ ಕೊರಳಿನ ಶಿವದಾರ ಸವೆದಿತ್ತು, ಹಗ್ಗ ಎಳೆಯುವಾಗ ಕೈಗೆ ಸಿಕ್ಕಿ ತುಂಡಾಯಿತು, ಲಿಂಗವಿದ್ದ ಬೆಳ್ಳಿ ಕರಡಿಗೆ ಕಲ್ಲಿಗೆ ಬಡಿದು ನೀರಿಗೆ ಬಿತ್ತು. ಅವರು ಅಳಲಿಲ್ಲ, ಕೂಗಲಿಲ್ಲ. ಬಿದ್ದ ಜಾಗವನ್ನೇ ತೋರಿಸುತ್ತಿದ್ದರು.

ಪಾತಾಳಗರಡಿ ಇದ್ದದ್ದು ಮೂರನೆಯ ಮನೆಯಲ್ಲಿ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಅದನ್ನು ಕೇಳಿ ಹೋದವರು ಅದರ ಬದಲಿಗೆ ಒಂದು ಪಾತ್ರೆ ಇಟ್ಟು ಬರಬೇಕು, ಇಲ್ಲದಿದ್ದರೆ ಕೊಡುವುದಿಲ್ಲ, ಅದು ರೂಢಿ. ನಾನು ಕೈಗೆ ಸಿಕ್ಕಿದ ತಂಬಿಗೆ ಇಟ್ಟು ತಂದೆ. ನಮ್ಮನೆಯವರು ಬಹಳ ಹೊತ್ತು ಆಡಿಸಿದರು. ಕೊನೆಗೆ ಕೊಕ್ಕೆಗೆ ದಾರ ಸಿಕ್ಕಿ ಕರಡಿಗೆ ಮೇಲೆ ಬಂತು. ಎಲ್ಲರೂ ಉಸಿರು ಬಿಟ್ಟೆವು. ಕೈಗೆ ತೆಗೆದುಕೊಂಡು ನೋಡಿದರೆ ಮುಚ್ಚಳ ತೆರೆದಿತ್ತು, ಒಳಗೆ ಲಿಂಗ ಇರಲಿಲ್ಲ.

ಲಿಂಗವೆಂದರೆ ಎಷ್ಟು ದೊಡ್ಡದು, ನೇರಳೆ ಹಣ್ಣಿನಷ್ಟು. ಬಣ್ಣವೂ ಅದೇ ಕಪ್ಪು. ಬಾವಿಯ ತಳದ ಕಪ್ಪು ಕೆಸರಿನ ಮೇಲೆ ಅದನ್ನು ಕೊಕ್ಕೆ ಏನು ಹುಡುಕೀತು. ಪಂಪು ತಂದು ನೀರು ಖಾಲಿ ಮಾಡೋಣ ಎಂದರು ಯಾರೋ. ಆ ವರ್ಷದ ಸೆಲೆಗೆ ಎಷ್ಟು ಎತ್ತಿದರೂ ನೀರು ಇಳಿಯುತ್ತಿರಲಿಲ್ಲ. ಅಲ್ಲದೆ ಪಂಪಿನ ಬಾಯಿಗೆ ಲಿಂಗ ಸಿಕ್ಕಿದರೆ ಏನು ಗತಿ ಎಂದು ಅತ್ತೆಯೇ ಬೇಡವೆಂದರು.

ಆ ಮಧ್ಯಾಹ್ನ ತಟ್ಟೆ ಹಾಕಿ ಕರೆದೆ. ಅತ್ತೆ ಏಳಲಿಲ್ಲ.

“ಯಾರಿಗೆ ತೋರ್ಸಿ ಉಣ್ಣಲವ್ವಾ?” ಎಂದರು. ಅಷ್ಟೇ.

ಹಾಲು ಬೇಡ, ಹಣ್ಣು ಬೇಡ, ಜಪ್ಪಯ್ಯ ಅಂದರೂ ತುತ್ತು ಮುಟ್ಟಲಿಲ್ಲ. ಕುಡಿದದ್ದು ಆ ಬಾವಿಯ ನೀರು ಮಾತ್ರ. ಲಿಂಗಯ್ಯ ಅದರೊಳಗೆ ಕೂತಿದ್ದಾನೆ, ಹಾಗಾಗಿ ಬಾವಿಯ ನೀರೆಲ್ಲ ಅವನ ಮೈಮೇಲಿನ ನೀರೇ, ಎಲ್ಲ ತೀರ್ಥವೇ ಎಂದು ಅವರ ಲೆಕ್ಕ. ಬಗ್ಗಿ ನೋಡಿದ ನನಗೆ ಮಾತ್ರ ಅದು ನಾವು ದಿನಾ ಸೇದುವ ನೀರೇ. ಆದರೂ ಅಂದಿನಿಂದ ಕಟ್ಟೆಯ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗಲು ನನಗೂ ಕಾಲು ಬರಲಿಲ್ಲ. ಅಕ್ಕಪಕ್ಕದವರೂ ಬಟ್ಟೆ ಒಗೆಯುವ ಕಲ್ಲಿಗೆ ಬರುವುದು ಬಿಟ್ಟರು, ಯಾರೂ ಹೇಳದೆಯೇ.

ಮಠದ ಅಯ್ಯನವರು ಬಂದರು. ಒಳ್ಳೆಯ ಮನುಷ್ಯ. ಕಳೆದುಹೋದರೆ ಇನ್ನೊಂದು ಕಟ್ಟಲು ಅಡ್ಡಿಯಿಲ್ಲ, ದೋಷವಿಲ್ಲ, ತಾವೇ ಕಟ್ಟುತ್ತೇವೆ ಎಂದು ಸಮಾಧಾನ ಹೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಅವರ ಕಾಲಿಗೆ ಬಿದ್ದರು. ಆಮೇಲೆ ಹೇಳಿದರು:

“ತಪ್ಪು ತಿಳಕಬ್ಯಾಡ್ರಿ ಅಯ್ಯಾರ. ನಾ ಮಣ್ಣಿಗೆ ಹೋಗುವಾಗ ನನ್ನ ಅಂಗೈಯಾಗ ಇರಬೇಕಾದದ್ದು ಅದು. ನಾ ಇನ್ನೊಂದು ಹಿಡ್ಕಂಡು ಹೋದ್ರೆ, ಅದು ಬಾವ್ಯಾಗ ಒಂಟಿ ಕುಂತಿರಬೇಕಾ?”

ಅಯ್ಯನವರು ಹೊರಡುವಾಗ ನನ್ನನ್ನು ಕರೆದು, ಮುದುಕಿಯ ಜೀವ ಗಟ್ಟಿ ಇಲ್ಲ, ಬೇಗ ಏನಾದರೂ ಮಾಡಿ ಎಂದರು. ನನಗೆ ಸಿಟ್ಟು ಬಂದಿತ್ತು, ಅತ್ತೆಯ ಮೇಲೆ, ಬಾವಿಯ ಮೇಲೆ, ಶಿವನ ಮೇಲೂ. ಹಸಿದು ಕೂತವರ ಎದುರು ನಾವು ಉಣ್ಣಬೇಕಲ್ಲ, ಅದಕ್ಕಿಂತ ಶಿಕ್ಷೆ ಬೇರೆ ಇಲ್ಲ. ದಿನ ಕಳೆದ ಹಾಗೆ ಅತ್ತೆಯ ಬಾಯಿ ಒಣಗಿತು, ನಡೆದರೆ ಗೋಡೆ ಹಿಡಿಯುವ ಹಾಗಾಯಿತು. ಆದರೂ ಬಾವಿಯ ಪಕ್ಕದ ಕಲ್ಲು ಬಿಟ್ಟು ಏಳುತ್ತಿರಲಿಲ್ಲ.

ಹುಚ್ಚಪ್ಪನಿಗೆ ಮೊದಲ ದಿನವೇ ಹೇಳಿ ಕಳಿಸಿದ್ದೆವು. ಅವನು ಬೇರೆ ಊರಿಗೆ ಒಕ್ಕಲಿಗೆ ಹೋಗಿದ್ದವನು ಸುದ್ದಿ ಮುಟ್ಟಿದ್ದೇ ಬಂದ. ಬಂದವನು ಮೊಳೆಯ ಮೇಲಿದ್ದ ತನ್ನ ಸಾಮಾನಿನ ಕಡೆ ನೋಡಲೂ ಇಲ್ಲ. ಹಿತ್ತಿಲಲ್ಲಿ ಅಷ್ಟು ಜನ ಇದ್ದರಲ್ಲ, ಅವರ ಎದುರು ಕಣ್ಣಿನ ಗುಟ್ಟು ರಟ್ಟಾಗುವುದು ಅವನಿಗೆ ಬೇಕಿರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾಗೇ ಇಳಿದ. ನಾಲ್ಕಾಳು ನೀರು. ಮುಳುಗಿ ಮುಳುಗಿ ಎದ್ದ. ಒಂದು ತುಕ್ಕು ಹಿಡಿದ ರಾಟೆ ಬಂತು, ಯಾರದೋ ಸೌಟು ಬಂತು, ಬೋಕಿ ಚೂರು ಬಂತು. ಮೇಲೆ ಬಂದು, ತಳದಲ್ಲಿ ಅಂಥದ್ದೇನೂ ಕಾಣಲಿಲ್ಲ ಎಂದ. ಅವನಿಗೆ ಏನು ಕಾಣುತ್ತದೆಂದು ನನಗೆ ಗೊತ್ತಿಲ್ಲವೇ. ಎಲ್ಲರ ಎದುರು ಹೇಳಲಿಲ್ಲ. ಅತ್ತೆಯ ಕಡೆ ಕೈ ತೋರಿಸಿ, ಅವರನ್ನೊಮ್ಮೆ ನೋಡು ಹುಚ್ಚಪ್ಪ, ಊಟ ಬಿಟ್ಟು ಎಷ್ಟು ದಿನವಾಯಿತೆಂದು ಹತ್ತಿರ ಹೋಗಿ ನೋಡು ಎಂದೆ. ಹತ್ತಿರ ಹೋದರೇ ಅವನಿಗೆ ಮುಖ ಕಾಣುವುದು. ಹೋದ, ಬಗ್ಗಿ ನೋಡಿದ. ತಿರುಗಿ ಬಂದವನು, ಆ ಕನ್ನಡಕ ಕೊಡ್ರಿ ಎಂದ, ಎಲ್ಲರಿಗೂ ಕೇಳುವ ಹಾಗೆ.

ಹಾಕಿಕೊಂಡು ಇಳಿದರೆ ಮತ್ತೆ ಮಂಜು. ಆಳಕ್ಕೆ ಹೋದ ಹಾಗೆ ಆ ಸಾಮಾನು ಮುಖಕ್ಕೆ ಒತ್ತುತ್ತದೆ, ಒತ್ತಡ ತಡೆಯಲು ಮೂಗಿನಿಂದ ಸ್ವಲ್ಪ ಉಸಿರು ಬಿಡಲೇಬೇಕು, ಬಿಟ್ಟರೆ ಆ ಉಸಿರೇ ಗಾಜಿಗೆ ಪರದೆ ಎಳೆಯುತ್ತದೆ. ನಮ್ಮನೆಯವರು ಕಿವಿಯಲ್ಲಿ ಹೇಳಿದರು, ದೂರ ಹೋಗಿ ಉಗುಳಿ ತಿಕ್ಕಿಕೊಂಡು ಬಾರಯ್ಯ, ಯಾರು ನೋಡುತ್ತಾರೆ ಎಂದು. ಹುಚ್ಚಪ್ಪ ಕಟ್ಟೆಯ ಪಕ್ಕ ಕೂತಿದ್ದ ಅತ್ತೆಯ ಕಡೆ ನೋಡಿದ. ಆ ಹೊತ್ತಿಗೆ ಅವರು ಸಣ್ಣ ಲೋಟದಲ್ಲಿ ಬಾವಿಯ ನೀರನ್ನೇ ಕುಡಿಯುತ್ತಿದ್ದರು.

“ಆ ಮುದುಕಿಗೆ ಎಂಜಲು ಕುಡಿಸ್ಲೇನ್ರೀ?” ಎಂದ.

ಏನು ನಡೆಯುತ್ತಿದೆ ಎಂದು ಅತ್ತೆಗೆ ಅರ್ಥವಾಗಿತ್ತೋ ಏನೋ, ತಮ್ಮ ವಿಭೂತಿ ಗಟ್ಟಿ ಕೊಟ್ಟು ಅದರಿಂದ ಗಾಜು ತಿಕ್ಕಲು ಹೇಳಿದರು. ಲಾಟೀನಿನ ಬುರುಡೆಯನ್ನು ಬೂದಿಯಿಂದ ಬೆಳಗಿದವರಲ್ಲವೇ. ಗಾಜು ಫಳಫಳ ಎಂದಿತು, ನೀರಿಗಿಳಿದರೆ ಅದೇ ಮಂಜು. ಅಷ್ಟರಲ್ಲಿ ಬಿಸಿಲು ಬಾವಿಯ ಬಾಯಿ ದಾಟಿ ಹೋಯಿತು. ಹುಚ್ಚಪ್ಪ ನಡುಗುತ್ತ ಮೇಲೆ ಬಂದ.

ಆ ಸಂಜೆ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದೆ. ಗೋಡೆಯ ಕನ್ನಡಿಯ ಮೇಲೆ ಹಬೆ ಕೂತಿತ್ತು. ಒರೆಸಿದೆ, ಮತ್ತೆ ಕೂತಿತು. ಥಟ್ಟನೆ ಹೊಳೆಯಿತು ನೋಡಿ. ಸೊರಬದ ಮನೆಯಲ್ಲಿ ತಲೆಗೆ ಗೊಂಪು ತಿಕ್ಕಿಕೊಂಡ ಕೈಯಲ್ಲೇ ಬಚ್ಚಲ ಕನ್ನಡಿ ಒರೆಸುತ್ತಿದ್ದೆವು, ಅವ್ವ ಬೈಯುತ್ತಿದ್ದಳು. ಆದರೆ ಗೊಂಪಿನ ಕೈ ತಾಗಿದ ಕಡೆ ಎಷ್ಟು ಹಬೆಯಾದರೂ ಕನ್ನಡಿ ಮಬ್ಬಾಗುತ್ತಿರಲಿಲ್ಲ. ಅಯ್ಯೋ ನನ್ನ ಮಂಕು ತಲೆಯೇ ಎಂದುಕೊಂಡು ಎಸ್‌ಟಿಡಿ ಬೂತಿಗೆ ಓಡಿದೆ. ಸೊರಬದಲ್ಲಿ ಅಣ್ಣನ ಪಕ್ಕದ ಅಂಗಡಿಗೆ ಫೋನು ಮಾಡಿ ಅವನನ್ನು ಕರೆಸಿ, ಬೆಳಗಿನ ಮೊದಲ ಬಸ್ಸಿಗೆ ಮತ್ತಿ ಸೊಪ್ಪು ಹಾಕಿ ಕಳಿಸು ಎಂದೆ. ಅವನು ತಮಾಷೆ ಮಾಡಿದ, ತಲೆ ಸ್ನಾನಕ್ಕೆ ಇಷ್ಟು ಅವಸರವೇ ಎಂದು. ಅತ್ತೆಗೆ ಎಂದೆ. ಅವನಿಗೆ ಅದು ಇನ್ನೂ ದೊಡ್ಡ ತಮಾಷೆಯಾಗಿ ಕೇಳಿಸಿತು.

ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತು, ಕಂಡಕ್ಟರ್ ಕೈಯಿಂದ ಸೊಪ್ಪಿನ ಗಂಟು ಇಸಿದುಕೊಂಡು ಬಂದೆ. ಬಿಸಿನೀರಿನಲ್ಲಿ ಕಿವುಚಿದೆ, ತೆಳು ಬಟ್ಟೆಯಲ್ಲಿ ಸೋಸಿದೆ. ಗಾಜಿಗೆ ಹಚ್ಚುವ ಮೊದಲು ಅತ್ತೆಯ ಮುಂದೆ ಬೋಗುಣಿ ಹಿಡಿದೆ. ಕೇಳದೆ ಮಾಡಲು ಮನಸ್ಸು ಬರಲಿಲ್ಲ, ಅದು ಅವರ ತೀರ್ಥದ ಬಾವಿ. ಇದು ನಮ್ಮ ಕಡೆಯ ಲೋಳಿ ಅತ್ತೆ, ಗಾಜಿಗೆ ಹಚ್ಚಿ ಹೊರಗೇ ತೊಳೆಯುತ್ತೇವೆ, ಆದರೂ ಒಂದು ಪಸೆ ನೀರಿಗೆ ಹೋದೀತು, ಆಗಬಹುದೇ ಎಂದು ಕೇಳಿದೆ. ಅವರು ಬೆರಳು ಅದ್ದಿ, ಮೂಸಿ ನೋಡಿದರು.

“ಎಲಿ ಅಲ್ಲೇನು,” ಎಂದರು. “ಅವನಿಗೆ ದಿನಾ ಎಲಿನೇ ಏರಿಸೀನಲ್ಲ.”

ಹುಚ್ಚಪ್ಪ ಒಳಗಿನ ಎರಡೂ ಗಾಜಿಗೆ, ಅವುಗಳ ಸುತ್ತಲಿನ ಜಾಗಕ್ಕೆ ಗೊಂಪು ತಿಕ್ಕಿ, ಗಿಡದ ಬುಡದಲ್ಲಿ ಹಗುರವಾಗಿ ಅಲುಬಿಕೊಂಡ. ಅತ್ತೆ ಅವನ ಕೈಗೆ ಒಗೆದ ಬಿಳಿ ಬಟ್ಟೆಯ ತುಂಡು ಕೊಟ್ಟು, ಸಿಕ್ಕರೆ ಇದರಲ್ಲಿ ಎತ್ತು ಎಂದರು. ಚಳಿಗಾಲದ ಸೂರ್ಯ ನೆತ್ತಿಗೆ ಬರುವುದಿಲ್ಲ, ಬಾವಿಯ ತಳಕ್ಕೆ ಬಿಸಿಲು ಬೀಳದು. ಅದಕ್ಕಾಗಿ ಅಂಗಡಿಯಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳುವ ದೊಡ್ಡ ಕನ್ನಡಿಯನ್ನು ನಮ್ಮನೆಯವರು ಕಳಚಿ ತಂದರು. ನಾನು ಅದನ್ನು ಕಟ್ಟೆಗೆ ಒರಗಿಸಿ ಹಿಡಿದು, ಬಿಸಿಲನ್ನು ಬಾವಿಯೊಳಗೆ ತಿರುಗಿಸಿದೆ. ತಿಳಿನೀರಿನಲ್ಲಿ ಬೆಳಕು ಕೋಲಿನ ಹಾಗೆ ನೇರ ಇಳಿಯಿತು.

ಹುಚ್ಚಪ್ಪ ಮುಳುಗಿದ. ಎದ್ದವನು ಉಸಿರೆಳೆದುಕೊಂಡು, ಕಾಣ್ತೈತಿ ಅಕ್ಕಾರ, ಎಲ್ಲಾ ಕಾಣ್ತೈತಿ ಎಂದ. ದನಿಯಲ್ಲಿ ಒಂಥರಾ ಆಶ್ಚರ್ಯವಿತ್ತು. ಎಷ್ಟು ವರ್ಷದಿಂದ ಕೈಯಲ್ಲಿ ಮಾತ್ರ ನೋಡುತ್ತಿದ್ದನೋ ಏನೋ. ಬೆಳಕನ್ನು ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ ಎನ್ನುತ್ತ ಮತ್ತೆ ಮತ್ತೆ ಮುಳುಗಿದ. ನನ್ನ ತೋಳು ಸೋತು ಕನ್ನಡಿ ನಡುಗುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಎಡ ಅಂಗೈಯನ್ನು ಖಾಲಿಯಾಗಿಯೇ ಎದೆಯ ಮುಂದೆ ಹಿಡಿದು ಕೂತಿದ್ದರು. ಒಂದು ಸಲ ಮುಳುಗಿದವನು ಬಹಳ ಹೊತ್ತು ಮೇಲೆ ಬರಲಿಲ್ಲ. ನಮ್ಮನೆಯವರು ಹಗ್ಗ ಎಳೆಯಲು ಕೈ ಹಾಕುವಷ್ಟರಲ್ಲಿ ತಲೆ ಕಾಣಿಸಿತು. ಬಲಗೈ ಮುಷ್ಟಿ ನೀರಿನ ಮೇಲೆತ್ತಿ ಹಿಡಿದಿದ್ದ. ಒಂದೇ ಕೈಯಲ್ಲಿ ಮೆಟ್ಟುಗಲ್ಲು ಹತ್ತಿ ಬಂದ.

ಬಂದವನು ಕನ್ನಡಕವನ್ನು ಹಣೆಗೆ ಸರಿಸಿಕೊಂಡು ಅತ್ತೆಯ ಮುಂದೆ ನಿಂತ. ಮುಷ್ಟಿ ಬಿಚ್ಚಲಿಲ್ಲ. ಬಿಳಿ ಬಟ್ಟೆ ಇನ್ನೂ ಸೊಂಟದಲ್ಲೇ ಇತ್ತು.

“ಬಟ್ಟೀಲಿ ಎತ್ತಾಕ ಹೋದ್ರೆ ಕೆಸರು ಏಳತಿತ್ರೀ ಅವ್ವಾರ. ಬರೀಗೈಲೆ ಹಿಡಿದೀನಿ,” ಎಂದ. ಮೈಲಿಗೆಯಾಯಿತೇನೋ ಎಂಬ ಅಳುಕು ಪಾಪ.

ಅತ್ತೆ ಅವನ ಮುಷ್ಟಿಯ ಕೆಳಗೆ ಅಂಗೈ ಒಡ್ಡಿದರು. “ಲಿಂಗ ಕುಂತ ಕೈ ಬರೀಗೈ ಹೆಂಗಾತೋ ಹುಚ್ಚಪ್ಪಾ,” ಎಂದರು.

ಅವನು ಮುಷ್ಟಿ ಬಿಚ್ಚಿದ. ಬಿಚ್ಚುವಾಗಲೂ ಅವನು ನೋಡುತ್ತಿದ್ದದ್ದು ಅತ್ತೆಯ ಮುಖವನ್ನು, ಅದೂ ಮಸುಕಾಗಿಯೇ ಇರಬೇಕು. ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗೋಡೆ ಹಿಡಿಯುವುದನ್ನೂ ಮರೆತು ದೇವರ ಕೋಣೆಗೆ ನಡೆದರು. ಆಗ ನಾನು ಕನ್ನಡಿ ಕೆಳಗಿಟ್ಟು ಅಳಲು ಶುರುಮಾಡಿದೆ. ನನ್ನ ಅಳು ನೋಡಿ ಪಕ್ಕದ ಮನೆಯವಳೂ ಅತ್ತಳು.

ಪೂಜೆ ಮುಗಿಸಿ ಬಂದ ಅತ್ತೆಗೆ ತೆಳ್ಳಗೆ ಗಂಜಿ ಕೊಟ್ಟೆ. ಲಿಂಗಕ್ಕೆ ತೋರಿಸಿದರು. ಆಮೇಲೆ ಆ ಬಟ್ಟಲನ್ನು ಹುಚ್ಚಪ್ಪನ ಕಡೆಗೂ ಒಮ್ಮೆ ಎತ್ತಿ ತೋರಿಸಿ, ಉಂಡರು. ಅವನಿಗೆ ನಡುಮನೆಯಲ್ಲಿ ಮಣೆ ಹಾಕಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದೆ. ಎರಡು ದಿನದ ಹಸಿವಿದ್ದವನ ಹಾಗೆ ತಿಂದ. ಸಂಜೆ ಬೋಗುಣಿ ತೊಳೆಯಲು ಹೋದಾಗ ಅತ್ತೆ ತಡೆದರು. ಉಳಿದ ಲೋಳಿ ಚೆಲ್ಲಬ್ಯಾಡವ್ವಾ, ನಾಳೆ ನನ್ನ ತಲಿಗೂ ಒಂದೀಟು ಹಾಕು ಎಂದರು. ಹಾಕಿದೆ. ಅವರ ಕೂದಲು ಎಷ್ಟು ತೆಳುವಾಗಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಆಮೇಲೆ ಪ್ರತಿ ಸಲ ಸೊರಬದ ಬಸ್ಸಿಗೆ ಸೊಪ್ಪು ಬರುವುದು ತಡವಾದರೆ ಅಣ್ಣನನ್ನು ಬೈಯುತ್ತಿದ್ದವರು ಅವರೇ.

ಹುಚ್ಚಪ್ಪನ ಗುಟ್ಟು ಊರಿಗೆಲ್ಲ ಗೊತ್ತಾಯಿತು, ಏನೂ ಆಗಲಿಲ್ಲ. ಕನ್ನಡಕದವನನ್ನೇ ಕರೆಸಿ, ಅವನಿಗೆ ತಳ ಕಾಣುತ್ತದೆ ಎನ್ನತೊಡಗಿದರು. ನೆಲದ ಮೇಲೆ ಹಾಕುವ ಕನ್ನಡಕವನ್ನೂ ಮಾಡಿಸಿಕೊಂಡ, ಆದರೆ ಬಹಳ ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ, ಮೀಸೆಗೆ ಒಪ್ಪುವುದಿಲ್ಲವಂತೆ.

ದಶಕ ಮುಗಿಯುವ ಹೊತ್ತಿಗೆ ಅತ್ತೆ ಹೋದರು. ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ನಮ್ಮಲ್ಲಿ ಹೋದವರನ್ನು ಕೂತ ಭಂಗಿಯಲ್ಲೇ ಮಣ್ಣು ಮಾಡುವುದು. ಗುಣಿಯಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಂದವರೆಲ್ಲ ವಿಭೂತಿ, ಪತ್ರೆ ಹಾಕುತ್ತಾರೆ. ಹುಚ್ಚಪ್ಪ ಸುದ್ದಿ ಕೇಳಿ ತೊಗರ್ಸಿ ಕಡೆಯಿಂದ ಬಂದಿದ್ದ. ಸರದಿಯಲ್ಲಿ ಬಂದವನು ಗುಣಿಯ ಅಂಚಿನಲ್ಲಿ ನಿಂತು, ಜೇಬಿನಿಂದ ಕನ್ನಡಕ ತೆಗೆದು, ಅಷ್ಟು ಜನರ ಎದುರು ಮೂಗಿಗೇರಿಸಿಕೊಂಡು, ಅತ್ತೆಯ ಅಂಗೈಯನ್ನೇ ನೋಡಿದ. ಪತ್ರೆ ಹಾಕಿದ ಮೇಲೂ ಮುಂದೆ ಸರಿಯಲಿಲ್ಲ. ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದ.

“ಅಕ್ಕಾರ, ಇದ ಏನ್ರೀ ಅದು? ಇಷ್ಟ ಸಣ್ಣದಿತ್ತಾ? ನೀರಾಗ ನನಗ ಭಾಳ ದೊಡ್ಡದು ಕಂಡಿತ್ತು.”

ನೀರಿನೊಳಗೆ ಗಾಜಿನಲ್ಲಿ ನೋಡಿದರೆ ಹಾಗೆಯೇ ಕಾಣುವುದು ಎಂದು ನಮ್ಮನೆಯವರು ಅವತ್ತು ತೊಟ್ಟಿಯ ಹತ್ತಿರ ಹೇಳಿಕೊಟ್ಟ ಪಾಠ ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ನೀನು ಕಂಡಷ್ಟೇ ದೊಡ್ಡದಿತ್ತು, ಹುಚ್ಚಪ್ಪ,” ಎಂದೆ.